ಇರ್ಪು ‘ಬಂದ್’ ಎಂದಾಗ ಮುಚ್ಚುವುದು ಯಾವುದು?

2025ರ ನವೆಂಬರ್‌ನಲ್ಲಿ, ಮೈಸೂರು ಜಿಲ್ಲೆಯ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬೆನ್ನಲ್ಲೇ, ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸುವಂತೆ ಸರ್ಕಾರ ಸೂಚಿಸಿತು. ಕೊಡಗಿಗೆ ಹೊರಟಿದ್ದವರಲ್ಲಿ ಆಗ ಒಂದು ಪ್ರಶ್ನೆ ಏಳುವುದು ಸಹಜವೇ ಆಗಿತ್ತು: ನಾಗರಹೊಳೆ ಮುಚ್ಚಿದ ಮೇಲೆ ಅದರ ದಾರಿಯಲ್ಲೇ ಸಿಗುವ ಇರ್ಪು ಜಲಪಾತವೂ ಮುಚ್ಚಿದಂತೆಯೇ? ಇದಕ್ಕೂ ಮೊದಲು, 2024ರ ಆರಂಭದಲ್ಲಿ ರಾಜ್ಯದ ಚಾರಣ ಪಥಗಳಿಗೆ ತಾತ್ಕಾಲಿಕ ತಡೆ ಬಿದ್ದಾಗಲೂ ಇದೇ ಗೊಂದಲವಿತ್ತು. ಮಳೆ ಜೋರಾದಾಗ ಜಲಪಾತಗಳ ಬಳಿ ನೀರಿಗಿಳಿಯಬಾರದೆಂಬ ಆದೇಶ ಬರುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಬೆಟ್ಟದ ದಾರಿ ಮುಚ್ಚುತ್ತದೆ. ಈ ಎಲ್ಲ ಸಂದರ್ಭಗಳಲ್ಲೂ ಮೊಬೈಲಿನಿಂದ ಮೊಬೈಲಿಗೆ ಹೋಗುವ ಸುದ್ದಿಯಲ್ಲಿರುವುದು ಒಂದೇ ಪದ, ‘ಬಂದ್’. ಆದರೆ ಮುಚ್ಚುವವರು ಬೇರೆ, ಮುಚ್ಚುವ ಜಾಗ ಬೇರೆ, ಕಾರಣವೂ ಬೇರೆ. ಈ ಮೂರನ್ನೂ ಬಿಡಿಸಿ ನೋಡದೆ ಹೋದರೆ ಇರ್ಪಿನಲ್ಲಿ ಕಾಯಬೇಕಾದದ್ದು ಏನು ಎಂಬುದೂ ತಿಳಿಯುವುದಿಲ್ಲ.

ಜಲಪಾತ ಇರುವುದೆಲ್ಲಿ?

ಇರ್ಪು ಜಲಪಾತ ಪೊನ್ನಂಪೇಟೆ ತಾಲ್ಲೂಕಿನ ಶ್ರೀಮಂಗಲದ ಸಮೀಪ, ಕುರ್ಚಿ ಗ್ರಾಮದ ಮೇಲಿನ ಬ್ರಹ್ಮಗಿರಿ ಶ್ರೇಣಿಯ ಇಳಿಜಾರಿನಲ್ಲಿದೆ. ಸುಮಾರು 170 ಅಡಿ ಎತ್ತರದಿಂದ ಹಂತಹಂತವಾಗಿ ಧುಮುಕುವ ಈ ನೀರು ಲಕ್ಷ್ಮಣತೀರ್ಥ ನದಿಯದು. ಕೆಳಗೆ ಗದ್ದೆಗಳ ಅಂಚಿನಲ್ಲಿ ರಾಮೇಶ್ವರ ದೇವಾಲಯವಿದೆ. ಶ್ರೀಮಂಗಲದಿಂದ ಕುಟ್ಟದ ಕಡೆಗೆ ಹೋಗುವ ದಾರಿಯಿಂದ ಒಳಕ್ಕೆ ತಿರುಗಿದರೆ ಇರ್ಪು. ಕುಟ್ಟದಿಂದ ಮುಂದೆ ನಾಗರಹೊಳೆಯ ಕಾಡು. ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡುವ ರೂಢಿಯಿಂದಾಗಿ ಇರ್ಪು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಭಾಗವೆಂದೇ ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಜಲಪಾತದ ಬೆನ್ನಿಗಿರುವ ಕಾಡು ಬ್ರಹ್ಮಗಿರಿ ವನ್ಯಜೀವಿ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ ಸುಮಾರು 181 ಚದರ ಕಿ.ಮೀ. ನಾಗರಹೊಳೆಯದು ಸುಮಾರು 643 ಚದರ ಕಿ.ಮೀ.; ಅದು ಹುಲಿ ಸಂರಕ್ಷಿತ ಪ್ರದೇಶವೂ ಹೌದು. ಆನೆಗಳಿಗೆ ಈ ಗಡಿ ಗೊತ್ತಿಲ್ಲ, ಕಾನೂನಿಗೆ ಮಾತ್ರ ಇವು ಎರಡು ಬೇರೆ ಬೇರೆ ಪ್ರದೇಶಗಳು.

ಹೆಸರಿನಿಂದಲೂ ಒಂದು ತೊಡಕಿದೆ. ತಲಕಾವೇರಿಯಲ್ಲಿ ಕುಂಡಿಕೆಯ ಮೇಲಿರುವ ಬೆಟ್ಟವನ್ನೂ ಬ್ರಹ್ಮಗಿರಿ ಎಂದೇ ಕರೆಯುತ್ತಾರೆ. 2020ರ ಆಗಸ್ಟ್‌ನಲ್ಲಿ ಅಲ್ಲಿ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಲುಕಿದ ದುರಂತವನ್ನು ಕೊಡಗಿನವರು ಮರೆತಿಲ್ಲ. ‘ಬ್ರಹ್ಮಗಿರಿಯಲ್ಲಿ ಕುಸಿತ’ ಎಂಬ ಶೀರ್ಷಿಕೆ ಓದಿ ಇರ್ಪಿನ ದಾರಿ ಹೋಯಿತೆಂದು ತಿಳಿಯುವುದು ಅಥವಾ ಇರ್ಪಿನ ಚಾರಣ ನಿಂತಿತೆಂದರೆ ತಲಕಾವೇರಿಗೆ ಹೋಗಬಾರದೆಂದು ತಿಳಿಯುವುದು, ಎರಡೂ ತಪ್ಪು. ತಲಕಾವೇರಿ ಭಾಗಮಂಡಲದ ಮೇಲಿದೆ. ಇರ್ಪಿನ ಬ್ರಹ್ಮಗಿರಿ ಶ್ರೇಣಿ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಕೇರಳದ ವಯನಾಡಿಗೆ ಗಡಿಯಾಗಿ ನಿಂತಿದೆ. ಅದರ ಆಚೆ ಮಗ್ಗುಲಿನಲ್ಲಿ ತಿರುನೆಲ್ಲಿ ಕ್ಷೇತ್ರವಿದೆ.

ಉದ್ಯಾನ ಒಂದು, ಅಭಯಾರಣ್ಯ ಇನ್ನೊಂದು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಇರುವ ಮುಖ್ಯ ವ್ಯತ್ಯಾಸ ಜನರ ಹಕ್ಕುಗಳಿಗೆ ಸಂಬಂಧಿಸಿದ್ದು. ರಾಷ್ಟ್ರೀಯ ಉದ್ಯಾನವೆಂದು ಅಂತಿಮವಾಗಿ ಘೋಷಿಸಬೇಕಾದರೆ ಆ ನೆಲದ ಮೇಲಿನ ಹಕ್ಕುಗಳೆಲ್ಲ ಇತ್ಯರ್ಥವಾಗಿ ಸರ್ಕಾರಕ್ಕೆ ಸೇರಿರಬೇಕು. ಅಲ್ಲಿ ಜಾನುವಾರು ಮೇಯಿಸುವಂತಿಲ್ಲ. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶವಿದೆ. ಹುಲಿ ಸಂರಕ್ಷಿತ ಪ್ರದೇಶವಾದರೆ ಇದರ ಮೇಲೆ ಇನ್ನೊಂದು ಪದರ ಬರುತ್ತದೆ: 2006ರ ತಿದ್ದುಪಡಿಯ ನಂತರ ಅಂಥ ಕಾಡಿನಲ್ಲಿ ಹುಲಿಗೇ ಮೀಸಲಾದ ನಡುಭಾಗ ಮತ್ತು ಅದರ ಸುತ್ತ ಅಂಚಿನ ವಲಯ ಎಂಬ ವಿಭಜನೆ ಇರುತ್ತದೆ, ಅಲ್ಲಿನ ಪ್ರವಾಸೋದ್ಯಮಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಅನ್ವಯಿಸುತ್ತದೆ. ನಾಗರಹೊಳೆಯ ಸಫಾರಿ ಈ ಚೌಕಟ್ಟಿನೊಳಗೆ ನಡೆಯುತ್ತದೆ. ಆದ್ದರಿಂದ ಅಲ್ಲಿ ಸಫಾರಿ ನಿಂತ ಮಾತ್ರಕ್ಕೆ ಇರ್ಪಿನ ಜಲಪಾತ ಮುಚ್ಚಿದಂತಾಗುವುದಿಲ್ಲ. ಹುಲಿ ಸಂಚಾರದ ಕಾರಣಕ್ಕೆ ಬ್ರಹ್ಮಗಿರಿಯಲ್ಲೂ ಪ್ರವೇಶ ತಡೆಯಬೇಕೆಂದರೆ ಅದಕ್ಕೆ ಅಲ್ಲಿಗೇ ಅನ್ವಯವಾಗುವ ಪ್ರತ್ಯೇಕ ಆದೇಶ ಬೇಕು.

ಎರಡಕ್ಕೂ ಸಮಾನವಾದ ನಿಯಮವೊಂದಿದೆ, ಅದನ್ನು ಪ್ರವಾಸಿಗರು ಗಮನಿಸುವುದು ಕಡಿಮೆ. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಯಾರು ಬೇಕಾದರೂ ಕಾಲಿಡುವಂತಿಲ್ಲ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಇರುವವರು, ಅಲ್ಲಿ ಆಸ್ತಿಯ ಹಕ್ಕು ಇರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರನ್ನು ಬಿಟ್ಟರೆ ಉಳಿದವರೆಲ್ಲರಿಗೂ ಅನುಮತಿ ಬೇಕು. ಅನುಮತಿ ಕೊಡಬಹುದಾದ ಉದ್ದೇಶಗಳನ್ನು 28ನೇ ಸೆಕ್ಷನ್ ಹೇಳುತ್ತದೆ. ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆಗಳ ಜೊತೆಗೆ ಪ್ರವಾಸವೂ ಆ ಪಟ್ಟಿಯಲ್ಲಿದೆ. ಇದರರ್ಥ, ಅಭಯಾರಣ್ಯದಲ್ಲಿ ಸಹಜ ಸ್ಥಿತಿ ಎಂದರೆ ಮುಚ್ಚಿರುವುದು. ತೆರೆದಿರುವುದು ಅನುಮತಿಯ ಫಲ. ‘ನಮ್ಮ ಬೆಟ್ಟಕ್ಕೆ ನಾವು ಹೋಗಲು ಇವರ ಚೀಟಿ ಏಕೆ?’ ಎಂಬ ಪ್ರಶ್ನೆಗೆ ಕಾನೂನಿನಲ್ಲಿರುವ ಉತ್ತರ ಇದು. ಆ ಉತ್ತರ ಎಲ್ಲರಿಗೂ ನ್ಯಾಯವಾಗಿ ಕಾಣುತ್ತದೆಯೇ ಎಂಬುದು ಬೇರೆ ಮಾತು, ಅದನ್ನು ಮುಂದೆ ನೋಡೋಣ.

ಯುನೆಸ್ಕೊ ಹೆಸರನ್ನೂ ಈ ಗೊಂದಲಕ್ಕೆ ಎಳೆದು ತರಲಾಗುತ್ತದೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಜೊತೆ ಬ್ರಹ್ಮಗಿರಿಯೂ ಸೇರಿತು. ಆದರೆ ಇರ್ಪಿನ ಗೇಟು ತೆರೆಯುವ ಅಥವಾ ಮುಚ್ಚುವ ಅಧಿಕಾರ ಯುನೆಸ್ಕೊಗೆ ಇಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯನ್ನು ಆಧರಿಸಿ 2024ರ ಜುಲೈ ಕೊನೆಯಲ್ಲಿ ಹೊರಬಂದ ಕರಡು ಅಧಿಸೂಚನೆಯೂ ಹಾಗೆಯೇ. ಗಣಿಗಾರಿಕೆ, ಕಲ್ಲುಗಣಿ, ದೊಡ್ಡ ಕಟ್ಟಡಗಳಂಥ ವಿಷಯ ಅದರದ್ದು, ಜಲಪಾತ ನೋಡಲು ಬರುವವರ ಪ್ರವೇಶ ಅದರ ವಿಷಯವಲ್ಲ.

ಮೂರು ಬೀಗ, ಮೂರು ಕೈ

ಇರ್ಪಿಗೆ ಬೀಗ ಬೀಳುವುದು ಮೂರು ಸಂದರ್ಭಗಳಲ್ಲಿ.

ಮೊದಲನೆಯದು ಮಳೆಗಾಲದ್ದು. ಇದನ್ನು ಹಾಕುವುದು ಸಾಮಾನ್ಯವಾಗಿ ಜಿಲ್ಲಾಡಳಿತ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾ ಪ್ರಾಧಿಕಾರಕ್ಕೆ ಅಪಾಯದ ಜಾಗಗಳಿಗೆ ಜನರ ಪ್ರವೇಶ ನಿಯಂತ್ರಿಸುವ ಅಧಿಕಾರ ಕೊಟ್ಟಿದೆ. ಹಿಂದೆ 144ನೇ ಸೆಕ್ಷನ್ ಎಂದು ಎಲ್ಲರಿಗೂ ಪರಿಚಿತವಾಗಿದ್ದ ನಿಷೇಧಾಜ್ಞೆ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಈ ಬೀಗದ ಉದ್ದೇಶ ಮನುಷ್ಯರ ಪ್ರಾಣ ಉಳಿಸುವುದು, ಮತ್ತು ಅದಕ್ಕೆ ಬಲವಾದ ಕಾರಣವಿದೆ. ಜಲಪಾತದ ಬುಡದಲ್ಲಿ ನಿಂತವರಿಗೆ ಕಾಣುವುದು ತಲೆಯ ಮೇಲಿನ ಆಕಾಶ ಮಾತ್ರ. ಹೊಳೆಗೆ ನೀರು ಬರುವುದು ಅವರಿಗೆ ಕಾಣದ ನೆತ್ತಿಯಿಂದ. ಕೆಳಗೆ ಎಳೆ ಬಿಸಿಲು ಇರುವಾಗಲೇ ಮೇಲೆ ಅರ್ಧ ಗಂಟೆ ದಟ್ಟ ಮಳೆ ಹೊಡೆದರೆ ಸಾಕು. ಮೊದಲು ತಿಳಿನೀರಿನಲ್ಲಿ ತರಗೆಲೆ, ಸಣ್ಣ ಕಡ್ಡಿಗಳು ತೇಲಿ ಬರುತ್ತವೆ; ನೀರಿನ ಬಣ್ಣ ಕೆಂಪಾಗುತ್ತದೆ; ಬೀಳುವ ಸದ್ದು ದಪ್ಪವಾಗುತ್ತದೆ. ಹೊಳೆಯ ದಡದಲ್ಲಿ ಬೆಳೆದವರು ಈ ಗುರುತು ಕಂಡೊಡನೆ ಮೇಲೇರುತ್ತಾರೆ. ಹೊರಗಿನಿಂದ ಬಂದವರು ನೀರು ಹೆಚ್ಚಾಯಿತೆಂದು ಖುಷಿಯಿಂದ ಇನ್ನೂ ಒಂದು ಫೋಟೊಗೆ ನಿಲ್ಲುತ್ತಾರೆ. ಪಾಚಿ ಹಿಡಿದ ಬಂಡೆಯ ಮೇಲೆ ಒಮ್ಮೆ ಕಾಲು ಜಾರಿದರೆ ಹಿಡಿಯಲು ಆಸರೆ ಸಿಗುವುದಿಲ್ಲ, ಮತ್ತು ಬಿದ್ದ ನೀರು ಕೊರೆದ ಗುಂಡಿಯ ಆಳ ಮೇಲಿನಿಂದ ತಿಳಿಯುವುದಿಲ್ಲ. ಕೊಡಗಿನ ಜಲಪಾತಗಳಲ್ಲಿ, ವಿಶೇಷವಾಗಿ ಚೇಲಾವರದಲ್ಲಿ, ಯುವಕರು ಪ್ರಾಣ ಕಳೆದುಕೊಂಡದ್ದು ಬಹುಪಾಲು ಹೀಗೆಯೇ.

ಎರಡನೆಯದು ಬೇಸಿಗೆಯ ಬೀಗ. ಇದು ಅರಣ್ಯ ಇಲಾಖೆಯದು, ಇದರ ಗುರಿ ಜಲಪಾತವಲ್ಲ, ಅದರ ಮೇಲಿನ ಬೆಟ್ಟ. ಇರ್ಪಿನಿಂದ ನರಿಮಲೆಯ ಶಿಬಿರದ ಮೂಲಕ ಬ್ರಹ್ಮಗಿರಿ ಶಿಖರಕ್ಕೆ ಏರುವ ಚಾರಣದ ದಾರಿ ಹುಲ್ಲುಗಾವಲನ್ನು ಹಾದುಹೋಗುತ್ತದೆ. ಫೆಬ್ರುವರಿಯ ಹೊತ್ತಿಗೆ ಆ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಒಂದು ಬೀಡಿಯ ತುಂಡು ಸಾಕು. ಗಾಳಿಗೆ ಬೆಂಕಿ ಇಳಿಜಾರು ಏರುವ ವೇಗಕ್ಕೆ ಸಿಬ್ಬಂದಿಯ ಕಾಲು ಸಾಟಿಯಾಗುವುದಿಲ್ಲ. ಈ ತಿಂಗಳುಗಳಲ್ಲಿ ಶಿಖರದ ದಾರಿ ಮುಚ್ಚಿದ್ದರೂ ಜಲಪಾತದ ಮೆಟ್ಟಿಲು ತೆರೆದಿರಬಹುದು. ‘ಇರ್ಪು ಬಂದ್’ ಎಂಬ ಸಂದೇಶದಲ್ಲಿ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಮೂರನೆಯದು ಜನಸಂದಣಿಯ ಬೀಗ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಕುಮಾರ ಪರ್ವತ ಕೊಡಗಿನ ಉತ್ತರ ತುದಿಯ ಪುಷ್ಪಗಿರಿ ಅಭಯಾರಣ್ಯದಲ್ಲಿದೆ. ಆ ಚಿತ್ರಗಳ ನಂತರ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬರುವವರೆಗೆ ರಾಜ್ಯದ ಚಾರಣ ಪಥಗಳಿಗೆ ಸರ್ಕಾರ ತಡೆ ಹಾಕಿತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂದು, ಒಂದು ಚಾರಣ ಪಥಕ್ಕೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿ ಜಾರಿಯಾಯಿತು.

ನೀರು ಬೀಳುವುದು ಕೆಳಗೆ, ಉಳಿಯುವುದು ಮೇಲೆ

ಜನಸಂದಣಿಗೆ ಮಿತಿ ಏಕೆ ಎಂಬುದನ್ನು ಅರಿಯಲು ಜಲಪಾತಕ್ಕೆ ಬೆನ್ನು ಹಾಕಿ ಮೇಲೆ ನೋಡಬೇಕು. ಬ್ರಹ್ಮಗಿರಿಯ ನೆತ್ತಿಯಲ್ಲಿ ಹುಲ್ಲುಗಾವಲು ಹರಡಿದೆ. ಅದರ ಮಡಿಕೆಗಳಲ್ಲಿ, ಎರಡು ಗುಡ್ಡಗಳ ನಡುವಿನ ಕೊಲ್ಲಿಗಳಲ್ಲಿ, ಗಿಡ್ಡ ಮರಗಳು ಒತ್ತೊತ್ತಾಗಿ ಬೆಳೆದ ಶೋಲಾ ಕಾಡುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಹುಲ್ಲಿನ ಬೇರು ಮತ್ತು ಶೋಲಾದ ಕಪ್ಪು ಮಣ್ಣು ಹೀರಿಕೊಂಡು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತೊರೆಗಳಿಗೆ ಬಿಡುತ್ತವೆ. ಮಳೆ ನಿಂತು ವಾರಗಳಾದರೂ ಇರ್ಪಿನಲ್ಲಿ ನೀರು ಬೀಳುತ್ತಲೇ ಇರುವುದಕ್ಕೆ ಕಾರಣ ಈ ನಿಧಾನ.

ಕಾಲ್ತುಳಿತ ಈ ನಿಧಾನವನ್ನು ಕೆಡಿಸುವ ಬಗೆ ಹೀಗೆ. ಒಬ್ಬರು ನಡೆಯುವಷ್ಟು ಅಗಲದ ಕಾಲುಹಾದಿಯಲ್ಲಿ ನೂರಾರು ಜನ ಒಂದೇ ದಿನ ನಡೆದಾಗ ಮಣ್ಣು ಗಟ್ಟಿಯಾಗಿ, ಮಳೆ ಬಂದಾಗ ನೀರು ಇಂಗದೆ ಅಲ್ಲೇ ನಿಲ್ಲುತ್ತದೆ. ಕೆಸರಾದ ದಾರಿಯನ್ನು ತಪ್ಪಿಸಲು ಹಿಂದಿನವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಕೆಲವು ವಾರಗಳಲ್ಲಿ ಆ ಹುಲ್ಲೂ ಸತ್ತು ದಾರಿ ಎರಡು ಪಟ್ಟು ಅಗಲವಾಗುತ್ತದೆ. ಇಳಿಜಾರಿನಲ್ಲಿ ಅಂಥ ದಾರಿಯೇ ನೀರಿನ ಕಾಲುವೆಯಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಅದು ಮೊಣಕಾಲುದ್ದದ ಕೊರಕಲಾಗಿ, ಮಣ್ಣನ್ನು ನೇರವಾಗಿ ತೊರೆಗೆ ಸುರಿಯುತ್ತದೆ. ಬೇರಿನ ನಡುವೆ ಇಂಗಬೇಕಾಗಿದ್ದ ನೀರು ಒಂದೇ ರಭಸಕ್ಕೆ ಕೆಳಗಿಳಿಯುತ್ತದೆ, ಜೊತೆಗೆ ಹೂಳನ್ನೂ ತರುತ್ತದೆ. ಕೆಳಗಿನ ಗೇಟಿನಲ್ಲಿ ಎಷ್ಟು ಟಿಕೆಟ್ ಹರಿದರೂ ಈ ಕೊರಕಲು ಅಲ್ಲಿಗೆ ಕಾಣುವುದಿಲ್ಲ.

ತೊರೆಯಲ್ಲಿರುವ ಜೀವಗಳಿಗೂ ಇದರ ಪೆಟ್ಟು ಬೀಳುತ್ತದೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಕುಣಿಯುವ ಕಪ್ಪೆಗಳು ಕೊಡಗಿನ ತೊರೆಗಳಲ್ಲೂ ಇವೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸದಿರಬಹುದೆಂದು ಗಂಡು ಕಪ್ಪೆ ಒದ್ದೆ ಕಲ್ಲಿನ ಮೇಲೆ ಕುಳಿತು, ಹಿಂಗಾಲನ್ನು ಪಕ್ಕಕ್ಕೆ ಚಾಚಿ ಬೆರಳು ಬಿಡಿಸಿ ಬೀಸುತ್ತದೆ. ಹೆಬ್ಬೆರಳಿನಷ್ಟೂ ಇಲ್ಲದ ಈ ಕಪ್ಪೆಗಳು ಮಳೆಗಾಲ ಮುಗಿದು ಹರಿವು ಹದಕ್ಕೆ ಬಂದಾಗ ಮರಿ ಮಾಡುತ್ತವೆ. ಅಂದರೆ ಅವುಗಳ ಹಂಗಾಮು ಮತ್ತು ದಸರೆಯಿಂದ ಕ್ರಿಸ್‌ಮಸ್‌ವರೆಗಿನ ಪ್ರವಾಸಿಗರ ಹಂಗಾಮು ಒಂದೇ. ತೊರೆಯಲ್ಲಿ ಸೋಪು ಹಚ್ಚುವುದು, ಕಲ್ಲುಗಳನ್ನು ಕಿತ್ತು ಗುಡ್ಡೆ ಪೇರಿಸುವುದು ನಿರಪಾಯದ ಆಟವೆಂದು ಕಾಣಬಹುದು; ಆದರೆ ಮೊಟ್ಟೆ ಇರುವುದು ಆ ತೊರೆಯ ತಳದಲ್ಲೇ. ವನ್ಯಜೀವಿ ಕಾಯ್ದೆಯ 29ನೇ ಸೆಕ್ಷನ್ ಅಭಯಾರಣ್ಯದ ಆವಾಸವನ್ನು ಹಾಳುಮಾಡುವುದನ್ನು ಮಾತ್ರವಲ್ಲ, ಅನುಮತಿಯಿಲ್ಲದೆ ಅದರ ನೀರಿನ ಹರಿವನ್ನು ತಿರುಗಿಸುವುದು, ನಿಲ್ಲಿಸುವುದು, ಹೆಚ್ಚಿಸುವುದನ್ನೂ ನಿಷೇಧಿಸಿದೆ. ಹರಿವು ಕೂಡ ವನ್ಯಜೀವಿಯ ಮನೆ ಎಂಬುದನ್ನು ಕಾಯ್ದೆ ಒಪ್ಪಿಕೊಂಡಿದೆ ಎಂಬುದು ಇಲ್ಲಿ ಮುಖ್ಯ.

300 ಎಂಬ ಲೆಕ್ಕ

ಮಿತಿ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಮಿತಿಯೇ ಇಲ್ಲದ ದಿನಗಳಲ್ಲಿ ಏನಾಯಿತು ಎಂಬುದನ್ನು ಕುಮಾರ ಪರ್ವತ ತೋರಿಸಿದೆ. ಆದರೆ ಎಲ್ಲ ಪಥಗಳಿಗೂ ಒಂದೇ ಸಂಖ್ಯೆ ಎಂಬುದು ಆಡಳಿತಕ್ಕೆ ಅನುಕೂಲವಾದ ಲೆಕ್ಕ, ಬೆಟ್ಟದಿಂದ ಹುಟ್ಟಿದ ಲೆಕ್ಕವಲ್ಲ. ಕಲ್ಲುನೆಲದ ದಾರಿ 300 ಜನರನ್ನು ತಾಳಬಹುದು. ಮೆತ್ತನೆಯ ಹುಲ್ಲುಗಾವಲು ಅದರ ಮೂರನೇ ಒಂದರಷ್ಟನ್ನೂ ತಾಳದಿರಬಹುದು. ಜನವರಿಯ ಒಣ ನೆಲ ತಾಳುವ ಸಂಖ್ಯೆಯನ್ನು ಅಕ್ಟೋಬರ್‌ನ ಹಸಿ ನೆಲ ತಾಳುವುದಿಲ್ಲ. ಜೊತೆಗೆ, ಚಾರಣದ ಮಿತಿ ಶಿಖರಕ್ಕೆ ಹೋಗುವವರಿಗೆ ಅನ್ವಯಿಸುತ್ತದೆ. ಜಲಪಾತದ ಬುಡಕ್ಕೆ ಬಂದು ಹೋಗುವ ಜನ ಅದಕ್ಕಿಂತ ಎಷ್ಟೋ ಹೆಚ್ಚು, ಅವರ ವಾಹನ, ಊಟದ ಪೊಟ್ಟಣ, ಶೌಚದ ಹೊರೆ ಬೀಳುವುದು ಕುರ್ಚಿಯಂಥ ಸಣ್ಣ ಗ್ರಾಮದ ಮೇಲೆ. 2011ರ ಜನಗಣತಿಯ ಪ್ರಕಾರ ಕೊಡಗಿನ ಒಟ್ಟು ಜನಸಂಖ್ಯೆಯೇ 5,54,519. ಇಷ್ಟು ಸಣ್ಣ ಜಿಲ್ಲೆಯ ರಸ್ತೆ ಮತ್ತು ಕಸ ವಿಲೇವಾರಿ ವ್ಯವಸ್ಥೆಯನ್ನು ಇಲ್ಲಿನವರ ಸಂಖ್ಯೆಗೆ ತಕ್ಕಂತೆ ಕಟ್ಟಲಾಗಿದೆ, ವಾರಾಂತ್ಯದಲ್ಲಿ ಬಂದಿಳಿಯುವ ಗುಂಪಿಗೆ ತಕ್ಕಂತೆ ಅಲ್ಲ.

ಆದ್ದರಿಂದ ಎರಡು ಮಿತಿಗಳು ಬೇಕಾಗುತ್ತವೆ. ಶಿಖರದ ದಾರಿಗೆ ಹುಲ್ಲಿನ ಸ್ಥಿತಿ ನೋಡಿ ಋತುವಿಗೆ ತಕ್ಕಂತೆ ಬದಲಾಗುವ ಸಂಖ್ಯೆ. ಜಲಪಾತಕ್ಕೆ ವಾಹನ ನಿಲುಗಡೆ, ಶೌಚಾಲಯ, ಕಸ ಹೊರುವ ಶಕ್ತಿಯನ್ನು ನೋಡಿ ಬೇರೆಯೇ ಸಂಖ್ಯೆ. ಒಂದಕ್ಕೆ ಹಾಕಿದ ಮಿತಿ ಇನ್ನೊಂದನ್ನು ಕಾಯುವುದಿಲ್ಲ.

ತೀರ್ಥ, ಹಾಡಿ, ಹೋಮ್‌ಸ್ಟೇ

ಇರ್ಪನ್ನು ನೋಡುವ ಕಣ್ಣುಗಳು ಹಲವು. ಕೊಡಗಿನ ಅನೇಕರಿಗೆ ಅದು ಪ್ರವಾಸಿ ತಾಣವಾಗುವ ಎಷ್ಟೋ ಮೊದಲೇ ತೀರ್ಥವಾಗಿತ್ತು. ರಾಮನ ಬಾಯಾರಿಕೆ ತಣಿಸಲು ಲಕ್ಷ್ಮಣ ಬಾಣ ಹೂಡಿದಾಗ ಬ್ರಹ್ಮಗಿರಿಯಿಂದ ಚಿಮ್ಮಿದ ನೀರೇ ಲಕ್ಷ್ಮಣತೀರ್ಥ ಎಂಬುದು ಐತಿಹ್ಯ. ಶಿವರಾತ್ರಿಯಂದು ಇಲ್ಲಿ ಮಿಂದು ರಾಮೇಶ್ವರನ ದರ್ಶನ ಪಡೆಯಲು ಜನ ನೆರೆಯುತ್ತಾರೆ. ಮದ್ಯದ ಬಾಟಲಿ ಒಡೆದು ಬಿಸಾಡುವವರಿಂದಾಗಿ ತಮ್ಮ ಸ್ನಾನಕ್ಕೂ ತಡೆ ಬಂದರೆ ಅದು ಯಾವ ನ್ಯಾಯ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ. 1,214 ದೇವರಕಾಡುಗಳನ್ನು ಉಳಿಸಿಕೊಂಡಿರುವ ಜಿಲ್ಲೆ ಇದು. ಎಲ್ಲಿ ಕೊಡಲಿ ಎತ್ತಬಾರದು ಎಂಬ ಕಟ್ಟುಪಾಡು ಇಲ್ಲಿನವರಿಗೆ ಹೊಸದಲ್ಲ. ಅವರಿಗೆ ಹೊಸದು, ಆ ಕಟ್ಟುಪಾಡನ್ನು ತಮ್ಮನ್ನು ಕೇಳದೆ ಹೊರಗಿನಿಂದ ಹಾಕುವುದು.

ಹೋಮ್‌ಸ್ಟೇ ನಡೆಸುವವರು, ಜೀಪು ಓಡಿಸುವವರು, ಚಹಾ ಅಂಗಡಿಯವರು ಕೇಳುವುದು ಮುನ್ಸೂಚನೆ. ಒಂದು ಆದೇಶ ಶುಕ್ರವಾರ ಸಂಜೆ ಹೊರಬಿದ್ದರೆ ಆ ವಾರಾಂತ್ಯದ ಬುಕಿಂಗ್ ರದ್ದಾಗಿ, ಮುಂಗಡ ಹಣ ಮರಳಿಸಬೇಕಾಗುತ್ತದೆ. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟು ಸಂಸಾರ ತೂಗಿಸಿದ ಸಣ್ಣ ಬೆಳೆಗಾರರಿಗೆ ಇದು ಸಣ್ಣ ಪೆಟ್ಟಲ್ಲ. ಇನ್ನೊಂದೆಡೆ ಅರಣ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿಗೆ, ಆನೆ ಬಂದ ದಿನ ಗದ್ದೆಗೂ ಓಡಬೇಕು, ರಜೆಯ ದಿನ ಗೇಟನ್ನೂ ಕಾಯಬೇಕು. ಮುಚ್ಚುವುದೇ ಅವರಿಗೆ ಸುಲಭದ ದಾರಿಯಾಗಿ ಕಂಡರೆ ಅದಕ್ಕೆ ಕಾರಣ ಅವರ ಮನಸ್ಸಲ್ಲ, ಅವರ ಸಂಖ್ಯೆ.

ಈ ಚರ್ಚೆಯಲ್ಲಿ ಅತ್ಯಂತ ಕಡಿಮೆ ಕೇಳಿಬರುವುದು ಇಲ್ಲಿನ ಆದಿವಾಸಿಗಳಾದ ಜೇನುಕುರುಬ, ಬೆಟ್ಟಕುರುಬ, ಯರವರ ಮಾತು. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಪೂರ್ವಜರ ಹಾಡಿಗೆ ಮರಳಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ಹಕ್ಕನ್ನು ಕೇಳಿದವು. ಹಣ ಕೊಟ್ಟು ಸಫಾರಿ ವಾಹನದಲ್ಲಿ ಬರುವವರಿಗೆ ತೆರೆಯುವ ಕಾಡು, ಅದೇ ಕಾಡಿನಲ್ಲಿ ಹುಟ್ಟಿದವರಿಗೆ ಏಕೆ ಮುಚ್ಚಿದೆ ಎಂಬುದು ಅವರ ಪ್ರಶ್ನೆ. ಇರ್ಪು ಆ ಉದ್ಯಾನದ ಹೊರಗಿರಬಹುದು, ಆದರೆ ಪ್ರಶ್ನೆ ಗಡಿ ದಾಟಿ ಇಲ್ಲಿಗೂ ಬರುತ್ತದೆ. ಮಿತಿಯ ಸಂಖ್ಯೆ ನಿಗದಿ ಮಾಡುವ ಮೇಜಿನ ಸುತ್ತ ಅವರಿಗೂ, ಗ್ರಾಮದವರಿಗೂ ಜಾಗ ಇಲ್ಲದಿದ್ದರೆ ಆ ಮಿತಿಯನ್ನು ಕಾಯಲು ಯಾರೂ ಮುಂದೆ ಬರುವುದಿಲ್ಲ.

ಈಗಿನಂತೆಯೇ ಮುಂದುವರಿದರೆ

ಗೊಂದಲ ಹೀಗೆಯೇ ಉಳಿದರೆ ಮೊದಲು ಕುಸಿಯುವುದು ಆದೇಶದ ಮೇಲಿನ ನಂಬಿಕೆ. ಮಳೆಗಾಲದ ತಡೆಯನ್ನೂ, ಚಾರಣದ ತಡೆಯನ್ನೂ ಒಂದೇ ಎಂದು ತಿಳಿದವರು, ಒಂದು ತಡೆ ತೆರವಾದಾಗ ಇನ್ನೊಂದೂ ತೆರವಾಯಿತೆಂದು ನೀರಿಗಿಳಿಯುತ್ತಾರೆ. ಎರಡನೆಯದಾಗಿ, ಮುಖ್ಯ ಗೇಟು ಮುಚ್ಚಿದಾಗ ಜನ ಮನೆಗೆ ಮರಳುವುದಿಲ್ಲ. ಮೊಬೈಲಿನ ನಕ್ಷೆ ಹಿಡಿದು, ಕಾವಲುಗಾರರಿಲ್ಲದ, ಹಗ್ಗ, ಬೇಲಿ ಯಾವುದೂ ಇಲ್ಲದ ಸಣ್ಣ ತೊರೆಗಳನ್ನು ಹುಡುಕುತ್ತಾರೆ. ಅಪಾಯವೂ ಕಸವೂ ಅಲ್ಲಿಗೆ ಸ್ಥಳಾಂತರವಾಗುತ್ತವೆ. ಮೂರನೆಯದಾಗಿ, ಬೇಡಿಕೆ ಇರುವಲ್ಲಿ ಕಟ್ಟಡದ ಒತ್ತಡ ಬೆಳೆಯುತ್ತದೆ. ಅಭಯಾರಣ್ಯದೊಳಗೆ ವಾಣಿಜ್ಯ ಉದ್ದೇಶದ ವಸತಿಗೃಹ ಕಟ್ಟಬೇಕೆಂದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕು. ಗಡಿಯ ಹೊರಗಿನ ಇಳಿಜಾರಿಗೆ ಅಷ್ಟು ಬಿಗಿಯಾದ ಕಾವಲು ಇಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಭಾಗದ ಗುಡ್ಡಗಳು, 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದ ಗುಡ್ಡ ಕುಸಿದುದನ್ನು ನೋಡಿದ ಜಿಲ್ಲೆಯಲ್ಲಿ ಇಳಿಜಾರನ್ನು ಅಗೆದು ಮಟ್ಟ ಮಾಡುವುದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಕೂಡಲೇ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಶ್ರೀಮಂಗಲದ ತಿರುವಿನಲ್ಲಿ ಮತ್ತು ಬುಕಿಂಗ್ ಜಾಲತಾಣದಲ್ಲಿ, ಜಲಪಾತಕ್ಕೆ ಒಂದು, ಶಿಖರದ ದಾರಿಗೆ ಒಂದು, ಎಂದು ಎರಡು ಪ್ರತ್ಯೇಕ ಸಾಲುಗಳ ಫಲಕ ಇರಲಿ. ಪ್ರತಿ ಸಾಲಿನಲ್ಲಿ ಮುಚ್ಚಿದವರು ಯಾರು, ಯಾವ ಕಾರಣಕ್ಕೆ, ಎಲ್ಲಿಯವರೆಗೆ ಎಂಬ ಮೂರು ಮಾತು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಏಕೆಂದರೆ ಬರುವವರಲ್ಲಿ ಗಡಿಯಾಚೆಯವರೂ ಇದ್ದಾರೆ. ಮಿತಿಯ ಸಂಖ್ಯೆಯನ್ನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಮೇಲಿನ ದಾರಿಯನ್ನು ನಡೆದು ನೋಡಿ, ಕೊರಕಲುಗಳನ್ನು ಅಳೆದು ಪರಿಷ್ಕರಿಸಲಿ. ಟಿಕೆಟಿನಿಂದ ಬಂದ ಹಣದಲ್ಲಿ ಒಂದು ಪಾಲು ಕುರ್ಚಿಯ ಕಸ ಮತ್ತು ಶೌಚಾಲಯಕ್ಕೆ, ಒಂದು ಪಾಲು ಬೆಂಕಿ ಕಾಯುವ ಹಾಡಿಯ ಯುವಕರ ಕೂಲಿಗೆ ಹೋಗಲಿ.

ಇರ್ಪಿನಿಂದ ಇಳಿದ ನೀರು ಪೊನ್ನಂಪೇಟೆಯ ಗದ್ದೆಗಳನ್ನು ಹಾದು, ಹನಗೋಡಿನ ಅಣೆಕಟ್ಟೆಯ ಕಾಲುವೆಗಳಿಗೆ ಹರಿದು, ಹುಣಸೂರು ಪಟ್ಟಣವನ್ನು ಬಳಸಿ, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಲಕ್ಷ್ಮಣತೀರ್ಥ ಸೊರಗಿದಾಗ ಹನಗೋಡಿನ ರೈತ ಕಾಯುವ ನೀರಿನ ಮೂಲವೂ, ರಜೆಯ ದಿನ ಇರ್ಪಿಗೆ ಬಂದವರು ತಲೆಯೊಡ್ಡಿ ನಿಲ್ಲುವ ನೀರಿನ ಮೂಲವೂ ನರಿಮಲೆಯ ಮೇಲಿನ ಅದೇ ಹುಲ್ಲು, ಅದೇ ಶೋಲಾ.